ಓದುಗರ ಪ್ರಶ್ನೆ: ಸಾವಿರ ವರ್ಷದ ಹಿಂದಿನ ಒಬ್ಬ ಓದುಗಿ

ಎರಡು ತಿಂಗಳ ಹಿಂದೆ ಈ ಅಂಕಣದಲ್ಲಿ ಜಪಾನಿನ ಹಳೆಯ ರಾಜಧಾನಿ ಕ್ಯೋತೊ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಮಗಳು ಅಲ್ಲಿ ಕೆಲಸದಲ್ಲಿದ್ದಳು. ಮೊಮ್ಮಗನನ್ನು ನೋಡಿಕೊಳ್ಳಲು ಹೋದ ನಾನು ಮೂರು ವರ್ಷ ಅಲ್ಲೇ ಉಳಿದೆ. ಆಗಷ್ಟೇ ಟೀಚರ್ ಕೆಲಸದಿಂದ ನಿವೃತ್ತಿ ಆಗಿತ್ತು. ಮಗು ಶಾಲೆಗೆ ಹೋದ ಮೇಲೆ ಮಧ್ಯಾಹ್ನವೆಲ್ಲ ನನ್ನದೇ. ಆಗ ಹಳೆಯ ಜಪಾನಿ ಪುಸ್ತಕಗಳ ಹುಚ್ಚು ಹಿಡಿಯಿತು ಎಂದು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಆರು ಪತ್ರಗಳಿಗೆ ಇಲ್ಲಿ ಉತ್ತರ ಇದೆ.

ಪ್ರಶ್ನೆ: ನೀವು ಬರೆದಿದ್ದು ಓದಿ 'ಗೆಂಜಿ ಕಥೆ'ಯ ಇಂಗ್ಲಿಷ್ ಅನುವಾದ ತರಿಸಿಕೊಂಡೆ. ನಾಲ್ಕನೇ ಅಧ್ಯಾಯಕ್ಕೆ ನಿಂತುಬಿಟ್ಟಿದ್ದೇನೆ. ಯಾರು ಯಾರು ಅಂತಲೇ ಗೊತ್ತಾಗುತ್ತಿಲ್ಲ. ಹೇಗೆ ಓದಬೇಕು? (ಗೃಹಿಣಿ, ಸಾಗರ)

ಉತ್ತರ: ತಪ್ಪು ನಿಮ್ಮದಲ್ಲಮ್ಮ. ಸಾವಿರ ವರ್ಷದ ಹಿಂದೆ ಮುರಸಾಕಿ ಶಿಕಿಬು ಎಂಬ ಅರಮನೆಯ ಹೆಂಗಸು ಬರೆದ ಈ ಜಪಾನಿ ಕಾದಂಬರಿಯಲ್ಲಿ ಜನರಿಗೆ ಹೆಸರೇ ಇಲ್ಲ ಅನ್ನಬಹುದು. ಆ ಕಾಲದ ಅರಮನೆಯಲ್ಲಿ ಒಬ್ಬರನ್ನು ಹೆಸರು ಹಿಡಿದು ಕರೆಯುವುದು ಮರ್ಯಾದೆಯಲ್ಲ. ಹುದ್ದೆಯಿಂದ ಕರೆಯುತ್ತಿದ್ದರು, ಇಲ್ಲವೇ ಇರುವ ಮನೆಯಿಂದ. ಹುದ್ದೆ ಬದಲಾದರೆ ಕರೆಯುವ ರೀತಿಯೂ ಬದಲಾಗುತ್ತದೆ. ನಾವು ಈಗ ಬಳಸುವ ಎಷ್ಟೋ ಹೆಸರುಗಳು ಆಮೇಲಿನ ಓದುಗರು ಇಟ್ಟವು. ಕಥೆಯೊಳಗಿನ ಒಂದು ಪದ್ಯದಿಂದ, ಒಂದು ಹೂವಿನಿಂದ ಎತ್ತಿಕೊಂಡ ಹೆಸರುಗಳು. ಒಟ್ಟು 54 ಅಧ್ಯಾಯ, ನಾನೂರಕ್ಕೂ ಜಾಸ್ತಿ ಪಾತ್ರ. ಒಂದು ಹಾಳೆಯಲ್ಲಿ ವಂಶದ ಮರ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ನಾನೂ ಹಾಗೇ ಮಾಡಿದ್ದು.

ನೀವು ನಿಂತಿರುವ ನಾಲ್ಕನೇ ಅಧ್ಯಾಯದ ಹೆಸರು 'ಯೂಗಾವೊ'. ಅನುವಾದದಲ್ಲಿ ಏನೋ ಸಂಜೆ ಹೂವು ಎಂದು ಇರುತ್ತದೆ. ಅದು ನಮ್ಮ ಸೋರೆ ಹೂವು! ಸಂಜೆ ಹೊತ್ತಿಗೆ ಬೆಳ್ಳಗೆ ಅರಳಿ ಬೆಳಗಾಗುವಷ್ಟರಲ್ಲಿ ಬಾಡುತ್ತದಲ್ಲ, ಅದೇ. ರಾಜಕುಮಾರ ಗೆಂಜಿ ಒಂದು ಬಡ ಮನೆಯ ಬೇಲಿಯ ಮೇಲೆ ಅದನ್ನು ನೋಡುತ್ತಾನೆ. ಒಂದು ಹೂವು ಕಿತ್ತು ತಾ ಎಂದು ಆಳನ್ನು ಕಳಿಸುತ್ತಾನೆ. ಒಳಗಿಂದ ಒಬ್ಬ ಹುಡುಗಿ ಬಂದು, ಪರಿಮಳ ಹಚ್ಚಿದ ಬಿಳಿ ಬೀಸಣಿಗೆ ಕೊಟ್ಟು, ಹೂವನ್ನು ಇದರ ಮೇಲೆ ಇಟ್ಟು ಕೊಡಿ, ದೇಟು ಅಷ್ಟು ಚೆನ್ನಾಗಿಲ್ಲ ಎನ್ನುತ್ತಾಳೆ. ಆ ಮನೆಯ ಹೆಣ್ಣನ್ನೂ ಯೂಗಾವೊ ಎಂದೇ ಕರೆಯುತ್ತಾರೆ. ಅವಳೂ ಆ ಹೂವಿನ ಹಾಗೇ ಒಂದು ರಾತ್ರಿ ಕಣ್ಣೆದುರೇ ಬಾಡಿಹೋಗುತ್ತಾಳೆ. ಇದನ್ನು ಓದಿದ ಮೇಲೆ ಹಿತ್ತಲ ಚಪ್ಪರದ ಸೋರೆ ಹೂವನ್ನು ನಾನು ಬೇರೆ ಕಣ್ಣಿನಿಂದ ನೋಡುತ್ತೇನೆ.

ಆದರೂ ನನ್ನ ಸಲಹೆ ಕೇಳಿದರೆ, ಗೆಂಜಿಯನ್ನು ಸ್ವಲ್ಪ ದಿನ ಮುಚ್ಚಿಡಿ. ಅದನ್ನು ಓದಲು ಹಂಬಲಿಸಿದ ಒಬ್ಬ ಹುಡುಗಿಯ ಪುಸ್ತಕ ಇದೆ, 'ಸರಾಶಿನಾ ದಿನಚರಿ'. ಮೊದಲು ಅದನ್ನು ಓದಿ. ನೂರು ಪುಟವೂ ಇಲ್ಲ.

ಆ ಹುಡುಗಿ ಹುಟ್ಟಿದ್ದು 1008ರಲ್ಲಿ. ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಸುಗಾವಾರಾ ನೊ ತಕಸುಯೆ ಎಂಬ ಅಧಿಕಾರಿಯ ಮಗಳು ಎಂದಷ್ಟೇ ಸಾಹಿತ್ಯ ಚರಿತ್ರೆಯಲ್ಲಿ ಇದ್ದಾಳೆ. ಅಪ್ಪನಿಗೆ ಕಜುಸಾ ಪ್ರಾಂತ್ಯದಲ್ಲಿ ಕೆಲಸ. ರಾಜಧಾನಿಯಿಂದ ಮೂರು ತಿಂಗಳ ದಾರಿ. ಅಲ್ಲಿ ಪುಸ್ತಕ ಇಲ್ಲ. ಸಂಜೆ ಹೊತ್ತು ಅಕ್ಕ, ಮಲತಾಯಿ ಸೇರಿ ಗೆಂಜಿಯ ಕಥೆಯನ್ನು ನೆನಪಿದ್ದಷ್ಟು ಹೇಳುತ್ತಾರೆ. ಪೂರ್ತಿ ಯಾರಿಗೂ ನೆನಪಿಲ್ಲ. ಅವಳಿಗೆ ತಡೆಯಲಾಗುವುದಿಲ್ಲ. ತನ್ನಷ್ಟೇ ಎತ್ತರದ ಯಾಕುಶಿ ಬುದ್ಧನ ಮೂರ್ತಿ ಮಾಡಿಸುತ್ತಾಳೆ. ಯಾಕುಶಿ ಅಂದರೆ ಕಾಯಿಲೆ ವಾಸಿ ಮಾಡುವ ಬುದ್ಧ. ಯಾರೂ ಇಲ್ಲದ ಹೊತ್ತು ನೋಡಿ, ಕೈ ತೊಳೆದುಕೊಂಡು ಒಳಗೆ ಹೋಗಿ, ನೆಲಕ್ಕೆ ಹಣೆ ಹಚ್ಚಿ ಬೇಡಿಕೊಳ್ಳುತ್ತಾಳೆ. ಬೇಗ ರಾಜಧಾನಿಗೆ ಕರೆದುಕೊಂಡು ಹೋಗಪ್ಪಾ, ಅಲ್ಲಿ ಎಷ್ಟು ಕಥೆ ಇವೆಯೋ ಅಷ್ಟನ್ನೂ ಓದಿಸಪ್ಪಾ ಅಂತ.

1020ರಲ್ಲಿ ಅಪ್ಪನ ಅವಧಿ ಮುಗಿದು ಮನೆ ಖಾಲಿ ಮಾಡುತ್ತಾರೆ. ಹೊರಟಾಗ ಹಿಂತಿರುಗಿ ನೋಡಿದರೆ, ಬಿಚ್ಚಿಹಾಕಿದ ಮನೆಯಲ್ಲಿ ಆ ಬುದ್ಧ ಒಬ್ಬನೇ ನಿಂತಿದ್ದಾನೆ. ಅವನನ್ನು ಬಿಟ್ಟು ಹೋಗಬೇಕಲ್ಲ ಎಂದು ಯಾರಿಗೂ ಕಾಣದಂತೆ ಅಳುತ್ತಾಳೆ. ಈ ಜಾಗ ಓದುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ರಾಜಧಾನಿಗೆ ಬಂದ ಮೇಲೂ ಪೂರ್ತಿ ಗೆಂಜಿ ಸಿಗುವುದಿಲ್ಲ. ಅಚ್ಚು ಹಾಕಿಸುವ ರೂಢಿ ಕಥೆಗಳಿಗೆ ಇರಲಿಲ್ಲ. ಒಬ್ಬರು ಕೈಯಲ್ಲಿ ಬರೆದದ್ದನ್ನು ಇನ್ನೊಬ್ಬರು ನಕಲು ಮಾಡಿಕೊಳ್ಳಬೇಕು. ಕೊನೆಗೆ ಊರಿಂದ ಬಂದ ಒಬ್ಬ ಚಿಕ್ಕಮ್ಮ ಒಂದು ಪೆಟ್ಟಿಗೆ ಕೊಡುತ್ತಾಳೆ. ಒಳಗೆ ಗೆಂಜಿಯ ಐವತ್ತಕ್ಕೂ ಹೆಚ್ಚು ಸಂಪುಟ. ಹುಡುಗಿ ಪರದೆಯ ಹಿಂದೆ ಮಲಗಿಕೊಂಡು, ದೀಪ ಹತ್ತಿರ ಇಟ್ಟುಕೊಂಡು, ಒಂದೊಂದೇ ತೆಗೆದು ಹಗಲೂ ರಾತ್ರಿ ಓದುತ್ತಾಳೆ. ಮಹಾರಾಣಿಯ ಪಟ್ಟ ಕೊಟ್ಟರೂ ಇದರ ಮುಂದೆ ಏನು ಎಂದು ಬರೆಯುತ್ತಾಳೆ. ದೊಡ್ಡವಳಾದ ಮೇಲೆ ನಾನೂ ಆ ಯೂಗಾವೊ ಥರ ಆಗುತ್ತೇನೆ, ಕೂದಲು ಉದ್ದ ಬರುತ್ತದೆ ಎಂದೆಲ್ಲ ಕನಸು ಕಾಣುತ್ತಾಳೆ.

ನಾನು ಹೈಸ್ಕೂಲಿನಲ್ಲಿದ್ದಾಗ ಪಕ್ಕದ ಮನೆಗೆ ವಾರಪತ್ರಿಕೆ ಬರುತ್ತಿತ್ತು. ಅವರು ಓದಿ ಮುಗಿಸಿದ ಮೇಲೆ ನನಗೆ. ಒಂದು ಧಾರಾವಾಹಿಯ ಕೊನೆಯ ಕಂತು ಇದ್ದ ಸಂಚಿಕೆ ನನ್ನ ಕೈಗೆ ಬರುವ ಮೊದಲೇ ಅಂಗಡಿಗೆ ಹೋಗಿ, ಕಡಲೆಪುರಿ ಪೊಟ್ಟಣ ಆಗಿಬಿಟ್ಟಿತ್ತು. ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಹಾಗಾಗಿ ತಕಸುಯೆಯ ಮಗಳು ನನಗೆ ದೂರದವಳು ಅನ್ನಿಸುವುದಿಲ್ಲ. ಅವಳ ಪುಸ್ತಕ ಓದಿ, ಆ ಹಸಿವು ಇಟ್ಟುಕೊಂಡು ಗೆಂಜಿಗೆ ವಾಪಸ್ ಬನ್ನಿ. ನಾಲ್ಕನೇ ಅಧ್ಯಾಯ ತಾನಾಗೇ ದಾಟುತ್ತದೆ.

ಇನ್ನೊಂದು ವಿಷಯ. ಅವಳ ದಿನಚರಿ ನಮಗೆ ಉಳಿದದ್ದು ಫುಜಿವಾರಾ ನೊ ತೇಕಾ ಎಂಬ ದೊಡ್ಡ ಕವಿ 13ನೇ ಶತಮಾನದಲ್ಲಿ ಕೈಯಾರೆ ಮಾಡಿಕೊಂಡ ಒಂದು ನಕಲಿನಿಂದ. ಮುಂದೆ ಯಾವಾಗಲೋ ಆ ಪ್ರತಿಯನ್ನು ಮತ್ತೆ ಹೊಲಿಯುವಾಗ ಹಾಳೆಗಳು ಹಿಂದುಮುಂದಾದವು. ಉಳಿದ ಪ್ರತಿಗಳೆಲ್ಲ ಅದರಿಂದಲೇ ಹುಟ್ಟಿದವು. ಜನ ನೂರಾರು ವರ್ಷ ಅದನ್ನು ತಲೆಕೆಳಗಾದ ಕ್ರಮದಲ್ಲೇ ಓದಿದರು. ಸರಿಯಾದ ಕ್ರಮ ಗೊತ್ತಾಗಿದ್ದು 1924ರಲ್ಲಿ.

ಪ್ರಶ್ನೆ: ಜಪಾನಿನ ಹಳೆಯ ಸಾಹಿತ್ಯದಲ್ಲಿ ದೊಡ್ಡ ಹೆಸರುಗಳೆಲ್ಲ ಹೆಂಗಸರದ್ದೇ ಏಕೆ? ಅಲ್ಲಿ ಆಗಲೇ ಸಮಾನತೆ ಇತ್ತಾ? (ಬಿ.ಎ. ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಸಮಾನತೆ ಇರಲಿಲ್ಲ. ಲಿಪಿಯ ಕಡೆಯಿಂದ ನೋಡಿದರೆ ವಿಷಯ ಬೇಗ ತಿಳಿಯುತ್ತದೆ.

ಜಪಾನಿಗೆ ಮೊದಲು ಸ್ವಂತ ಲಿಪಿ ಇರಲಿಲ್ಲ. ಚೀನಿ ಅಕ್ಷರಗಳನ್ನು ತಂದುಕೊಂಡರು. 712ರಲ್ಲಿ ಪುರಾಣ ಮತ್ತು ರಾಜವಂಶದ ಕಥೆಗಳ 'ಕೊಜಿಕಿ' ಬರೆದದ್ದೂ ಅದರಲ್ಲೇ. 'ಮಾನ್ಯೋಶೂ' ಎಂಬ ಸಂಕಲನದ ಸುಮಾರು 4,500 ಪದ್ಯಗಳಲ್ಲಿ ಚೀನಿ ಅಕ್ಷರಗಳ ಅರ್ಥ ಬಿಟ್ಟು ಬರೀ ಉಚ್ಚಾರಣೆಯನ್ನು ಬಳಸಿಕೊಂಡದ್ದೂ ಇದೆ. ಬೇಗ ಬೇಗ ಬರೆದು ಬರೆದು ಆ ಅಕ್ಷರಗಳೇ ಸವೆದು, ದುಂಡಗಾಗಿ, 9ನೇ ಶತಮಾನದ ಹೊತ್ತಿಗೆ ಹಿರಗಾನ ಎಂಬ ಜಪಾನಿ ಲಿಪಿ ಆಯಿತು. ಗಂಡಸರು ಸರ್ಕಾರದ ಕಾಗದ, ಶಾಸ್ತ್ರ, ದಿನಚರಿ ಎಲ್ಲವನ್ನೂ ಚೀನಿ ಭಾಷೆಯಲ್ಲಿ ಬರೆಯುತ್ತಿದ್ದರು. ಹೆಂಗಸರು ಚೀನಿ ಕಲಿಯುವುದು ಒಳ್ಳೆಯದಲ್ಲ ಎಂಬ ಮಾತಿತ್ತು. ಅವರಿಗೆ ಉಳಿದದ್ದು ಹಿರಗಾನ. ಅದಕ್ಕೆ 'ಒನ್ನದೆ' ಎಂದೇ ಹೆಸರು, ಹೆಣ್ಣಿನ ಕೈಬರಹ ಅಂತ. ಗಂಡಸರೂ ಪದ್ಯಕ್ಕೆ, ಓಲೆಗೆ ಅದನ್ನು ಬಳಸುತ್ತಿದ್ದರು. ಆದರೆ ದೊಡ್ಡ ಬರವಣಿಗೆ ಅಂದರೆ ಚೀನಿಯೇ.

ಇದರಿಂದ ಏನಾಯಿತು ನೋಡಿ. ಗಂಡಸರು ಕಲಿತ ಭಾಷೆಯಲ್ಲಿ ಬರೆದರು. ಹೆಂಗಸರು ಮನೆಯಲ್ಲಿ ಆಡುವ ಭಾಷೆಯಲ್ಲಿ ಬರೆದರು. ಹೊಟ್ಟೆಕಿಚ್ಚು, ಕಾಯುವುದು, ಮಳೆ ಬಂದ ರಾತ್ರಿಯ ಬೇಸರ, ಇವೆಲ್ಲ ಬಂದದ್ದು ಎರಡನೆಯದರಲ್ಲಿ.

ಕಿ ನೊ ತ್ಸುರಾಯುಕಿ ಇದನ್ನು ಬೇಗ ಅರ್ಥ ಮಾಡಿಕೊಂಡ ಗಂಡಸು. 905ರ ಸುಮಾರಿಗೆ ಚಕ್ರವರ್ತಿಯ ಆಜ್ಞೆಯಂತೆ ಆದ 'ಕೊಕಿನ್‌ಶೂ' ಸಂಕಲನಕ್ಕೆ ಅವನು ಜಪಾನಿಯಲ್ಲೇ ಮುನ್ನುಡಿ ಬರೆದ. ಮನುಷ್ಯನ ಮನಸ್ಸೇ ಬೀಜ, ಅದರಿಂದ ಮೊಳೆತ ಎಲೆಗಳೇ ಪದ್ಯ ಎಂದು ಶುರುವಾಗುತ್ತದೆ. ಆಮೇಲೆ 935ರ ಸುಮಾರಿಗೆ 'ತೊಸಾ ದಿನಚರಿ' ಬರೆದ. ಗಂಡಸರು ಬರೆಯುವ ದಿನಚರಿಯನ್ನು ಹೆಣ್ಣಾದ ನಾನೂ ಬರೆದು ನೋಡುತ್ತೇನೆ ಎಂಬುದು ಅದರ ಮೊದಲ ಸಾಲು. ಮನಸ್ಸಿನ ಮಾತು ಹೇಳಲು ಅವನು ಹೆಣ್ಣಾಗಬೇಕಾಯಿತು. ಕಾಲದ ಅಂದಾಜಿಗೆ ಹೇಳುತ್ತೇನೆ, ನಮ್ಮ ಪಂಪ ಆದಿಪುರಾಣ ಮುಗಿಸಿದ್ದು 941ರಲ್ಲಿ.

ಇನ್ನು ಅರಮನೆ ರಾಜಕೀಯ. ಇಚಿಜೋ ಚಕ್ರವರ್ತಿಗೆ ಇಬ್ಬರು ಪಟ್ಟದ ರಾಣಿಯರು, ತೇಶಿ ಮತ್ತು ಶೋಶಿ. ಇಬ್ಬರೂ ಫುಜಿವಾರಾ ಮನೆತನದವರೇ, ಆದರೆ ಎದುರಾಳಿ ಕವಲುಗಳು. ಮಗಳ ಓಲಗದಲ್ಲಿ ಜಾಣೆಯರು ಇದ್ದರೆ ಚಕ್ರವರ್ತಿ ಅಲ್ಲಿಗೆ ಜಾಸ್ತಿ ಬರುತ್ತಾನೆ ಎಂಬುದು ಅಪ್ಪಂದಿರ ಲೆಕ್ಕ. ತೇಶಿಯ ಹತ್ತಿರ ಸೇ ಶೋನಗೊನ್ ಇದ್ದಳು. ಶೋಶಿಯ ಹತ್ತಿರ ಗೆಂಜಿ ಬರೆದ ಮುರಸಾಕಿ ಶಿಕಿಬು. ಶೋನಗೊನಳ 'ತಲೆದಿಂಬಿನ ಪುಸ್ತಕ' ಶುರುವಾಗುವುದು ವಸಂತದಲ್ಲಿ ಬೆಳಗಿನ ಜಾವ ಚೆಂದ ಎಂಬ ಮಾತಿನಿಂದ. ಶರತ್ಕಾಲಕ್ಕೆ ಬಂದಾಗ ಕಾಗೆಗಳನ್ನು ತರುತ್ತಾಳೆ. ಸಂಜೆ ಗೂಡಿಗೆ ಹೋಗುವ ಅವಸರದಲ್ಲಿ ಮೂರು, ನಾಲ್ಕು, ಎರಡು, ಮೂರು ಹಾರಿಹೋಗುತ್ತವಂತೆ. ಕಾಗೆಯನ್ನು ಚೆಂದದ ಪಟ್ಟಿಗೆ ಸೇರಿಸಲು ಧೈರ್ಯ ಬೇಕು, ಅಲ್ವಾ? ಆ ಎಣಿಕೆಯಲ್ಲೇ ನನಗೆ ಕಾಗೆ ಕಾಣುತ್ತದೆ.

ಮುರಸಾಕಿ ಬೇರೆ ಸ್ವಭಾವದವಳು. ಚಿಕ್ಕಂದಿನಲ್ಲಿ ತಮ್ಮನಿಗೆ ಚೀನಿ ಪಾಠ ನಡೆಯುವಾಗ ಪಕ್ಕದಲ್ಲಿ ಕೂತು ಕೇಳಿಸಿಕೊಂಡು ಅವನಿಗಿಂತ ಮೊದಲೇ ಕಲಿತಳು. ನೀನು ಗಂಡಾಗಿ ಹುಟ್ಟಲಿಲ್ಲವಲ್ಲ, ನನ್ನ ದುರದೃಷ್ಟ ಎಂದು ಅಪ್ಪ ಹೇಳುತ್ತಿದ್ದನಂತೆ. ಇದನ್ನು ಅವಳೇ ದಿನಚರಿಯಲ್ಲಿ ಬರೆದಿದ್ದಾಳೆ. ದೊಡ್ಡವಳಾದ ಮೇಲೆ 'ಒಂದು' ಎಂಬ ಚೀನಿ ಅಕ್ಷರವನ್ನೂ ಜನರ ಎದುರು ಬರೆಯದೆ ವಿದ್ಯೆಯನ್ನು ಬಚ್ಚಿಟ್ಟಳು. ಬರೀ ಒಂದು ಗೆರೆ ಅದು! ರಾಣಿ ಶೋಶಿಗೆ ಚೀನಿ ಪದ್ಯ ಹೇಳಿಕೊಟ್ಟದ್ದೂ ಗುಟ್ಟಾಗಿ. ಅವಳ ಸ್ವಂತ ಹೆಸರು ನಮಗೆ ಖಚಿತವಾಗಿ ಗೊತ್ತಿಲ್ಲ. ಶಿಕಿಬು ಎಂಬುದು ಅವಳ ಅಪ್ಪ ಇದ್ದ ಇಲಾಖೆ. ಮುರಸಾಕಿ ಎಂಬುದು ಅವಳ ಕಾದಂಬರಿಯ ನಾಯಕಿ.

ತಂಗಿ, ನೀನು ಪ್ರಬಂಧ ಬರೆಯುವುದಾದರೆ ಈ ಎರಡನ್ನೂ ಒಟ್ಟಿಗೆ ಹಿಡಿದುಕೋ. ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವರ ಪುಸ್ತಕವನ್ನು ಎಲ್ಲರೂ ನಕಲು ಮಾಡಿಕೊಂಡರು.

ಮೊಮ್ಮಗನಿಂದ ಕಲಿತ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಅವನ ಶಾಲೆಯ ಹಿರಗಾನ ಪಟ್ಟಿಯನ್ನು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದೆವು. ಅ ಇ ಉ ಎ ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಓದುತ್ತಾ ಓದುತ್ತಾ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಇದು ನಮ್ಮ ವರ್ಣಮಾಲೆಯ ಕ್ರಮ! ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಲಿಪಿ ಕಲಿತರು. ಆ ಕಲಿಕೆಯಿಂದ ಈ ಜೋಡಣೆ ಬಂದಿದೆ.

ಪ್ರಶ್ನೆ: ನಾನು ಕನ್ನಡದಲ್ಲಿ ಹಾಯ್ಕು ಬರೆಯುತ್ತೇನೆ. 5-7-5 ಎಂದು ಅಕ್ಷರ ಎಣಿಸುತ್ತೇನೆ. ಸರಿಯೇ? (ಬ್ಯಾಂಕ್ ನೌಕರ, ದಾವಣಗೆರೆ)

ಉತ್ತರ: ಜಪಾನಿಯರು ಎಣಿಸುವುದನ್ನು ಅಕ್ಷರ ಅನ್ನುವುದಕ್ಕಿಂತ ಮಾತ್ರೆ ಅನ್ನುವುದು ಸರಿ. ಇದು ಹಳಗನ್ನಡ ಛಂದಸ್ಸು ಓದಿದವರಿಗೆ ಕೂಡಲೇ ತಿಳಿಯುತ್ತದೆ. ತೋಕ್ಯೋ ಅಂದರೆ ಎರಡು ಗುರು, ನಾಲ್ಕು ಮಾತ್ರೆ. ಅವರೂ ನಾಲ್ಕೇ ಎಣಿಸುತ್ತಾರೆ. ಕ್ಯೋತೊ ಮೂರು. ಕನ್ನಡದಲ್ಲಿ ಮಾತ್ರೆ ಹಿಡಿದು ಒಂದು ಬರೆದು ನೋಡಿ, ತುಂಬಾ ಬಿಗಿ ಆಗುತ್ತದೆ.

ಹಾಯ್ಕು ಅಷ್ಟು ಹಳೆಯದಲ್ಲ. ಹಳೆಯದು 'ವಾಕಾ', 5-7-5-7-7, ಒಟ್ಟು 31. ಗೆಂಜಿಯಲ್ಲೇ ಇಂಥ 795 ಪದ್ಯ ಇವೆ. ಮುಂದೆ ಒಬ್ಬರು 5-7-5 ಹೇಳಿದರೆ ಇನ್ನೊಬ್ಬರು 7-7 ಸೇರಿಸುತ್ತಾ ಹೋಗುವ ಸರಪಳಿ ಪದ್ಯ ಬಂತು. ಆ ಸರಪಳಿಯ ಮೊದಲ ಕೊಂಡಿ ಬಿಡಿಯಾಗಿ ನಿಂತಿತು. ಬಾಶೋ (1644–1694) ಅದನ್ನು ಎತ್ತರಕ್ಕೆ ಒಯ್ದ. ಹಾಯ್ಕು ಎಂಬ ಹೆಸರನ್ನು ನೆಲೆಗೊಳಿಸಿದ್ದು 19ನೇ ಶತಮಾನದ ಕೊನೆಯಲ್ಲಿ ಮಸಾಒಕಾ ಶಿಕಿ.

ಪ್ರಶ್ನೆ: ಬರೀ ಅರಮನೆ, ಪ್ರೇಮ, ಹೂವು. ಬಡವರ ಕಷ್ಟ ಆ ಸಾಹಿತ್ಯದಲ್ಲಿ ಇಲ್ಲವೇ? (ನಿವೃತ್ತ ಕಾರ್ಮಿಕ, ಭದ್ರಾವತಿ)

ಉತ್ತರ: ಇದೆ ಸ್ವಾಮಿ. ಅರಮನೆಯ ಪುಸ್ತಕಗಳಲ್ಲಿ ಅದು ಕಡಿಮೆ ಎಂಬ ನಿಮ್ಮ ದೂರು ನ್ಯಾಯವಾದದ್ದು.

'ಮಾನ್ಯೋಶೂ'ವಿನ ಕೊನೆಯ ಸಂಪುಟ ತೆಗೆಯಿರಿ. ಪೂರ್ವದ ಹಳ್ಳಿಗಳಿಂದ ಹಿಡಿದು ತಂದು ಕ್ಯೂಶೂ ಕರಾವಳಿ ಕಾಯಲು ಕಳಿಸಿದ ಸೈನಿಕರ ಪದ್ಯಗಳಿವೆ. ಅವರ ಆಡುನುಡಿಯಲ್ಲೇ ಇವೆ. 755ರಲ್ಲಿ ಅವನ್ನು ಕೂಡಿಸಿದವನು ಒತೊಮೊ ನೊ ಯಾಕಮೊಚಿ. ಅದರಲ್ಲಿ ಒಬ್ಬ ಹೇಳುತ್ತಾನೆ: ನನ್ನ ಬಟ್ಟೆಯ ಅಂಚು ಹಿಡಿದು ಅಳುವ ಮಕ್ಕಳನ್ನು ಬಿಟ್ಟು ಬಂದೆ, ಅವಕ್ಕೆ ತಾಯಿಯೂ ಇಲ್ಲ. ಇಷ್ಟೇ ಪದ್ಯ. ಅವನು ತಿರುಗಿ ಊರಿಗೆ ಹೋದನಾ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆಮೇಲೆ 1212ರ 'ಹೋಜೋಕಿ'. ಬರೆದವನು ಕಾಮೊ ನೊ ಚೋಮೆ. ಹರಿಯುವ ನದಿ ನಿಲ್ಲುವುದಿಲ್ಲ, ಆದರೆ ನೀರು ಮೊದಲಿನ ನೀರಲ್ಲ ಎಂದು ಶುರು ಮಾಡುತ್ತಾನೆ. ಸುಮಾರು ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಗುಡಿಸಲಲ್ಲಿ ಕೂತು ತಾನು ಕಂಡದ್ದನ್ನು ಹೇಳುತ್ತಾನೆ. 1177ರ ಬೆಂಕಿ, 1180ರ ಸುಂಟರಗಾಳಿ, ಆಮೇಲೆ ಎರಡು ವರ್ಷದ ಬರ, 1185ರ ಭೂಕಂಪ. ಬರಗಾಲದಲ್ಲಿ ಸತ್ತ ತಾಯಿಯ ಎದೆ ಚೀಪುತ್ತಾ ಮಲಗಿದ್ದ ಕೂಸುಗಳನ್ನು ಬರೆಯುತ್ತಾನೆ. ನಿನ್ನಾಜಿ ಮಠದ ಒಬ್ಬ ಭಿಕ್ಷು ಬೀದಿಯಲ್ಲಿ ಬಿದ್ದ ಪ್ರತಿ ಹೆಣದ ಹಣೆಯ ಮೇಲೆ ಸಂಸ್ಕೃತದ 'ಅ' ಅಕ್ಷರ ಬರೆಯುತ್ತಾ ಹೋದನಂತೆ. ಎರಡು ತಿಂಗಳಲ್ಲಿ, ರಾಜಧಾನಿಯ ಒಂದು ಭಾಗದಲ್ಲೇ ಲೆಕ್ಕ 42,300 ದಾಟಿತು. ಮೊಮ್ಮಗನ ಪಟ್ಟಿಯ ಮೊದಲ ಅಕ್ಷರವೂ ಅದೇ ಅ.

ಯುದ್ಧದ ಕಥೆ ಬೇಕೆಂದರೆ 'ಹೇಕೆ ಕಥೆ'. ಕುರುಡ ಹಾಡುಗಾರರು ಬಿವಾ ಎಂಬ ತಂತಿವಾದ್ಯ ನುಡಿಸುತ್ತಾ ಊರೂರಿಗೆ ಒಯ್ದದ್ದು. ಅದರ ಮೊದಲ ಸಾಲಿನ ಘಂಟೆ ಶ್ರಾವಸ್ತಿಯ ಜೇತವನದ ಘಂಟೆ. ಹಿಂದೆಯೇ ಬರುವುದು ಬುದ್ಧ ತೀರಿಕೊಂಡ ಜಾಗದ ಸಾಲ ಮರದ ಹೂವು. ಕೊನೆಗೆ 1185ರಲ್ಲಿ ದಾನ್ನೊಉರಾ ಸಮುದ್ರದಲ್ಲಿ ಹೇಕೆ ಮನೆತನದವರು ಸೋತಾಗ ಅಜ್ಜಿಯೊಬ್ಬಳು ನಮ್ಮ ಲೆಕ್ಕದಲ್ಲಿ ಆರು ವರ್ಷದ ಬಾಲ ಚಕ್ರವರ್ತಿಯನ್ನು ಎತ್ತಿಕೊಂಡು, ಅಲೆಗಳ ಕೆಳಗೂ ಒಂದು ರಾಜಧಾನಿ ಇದೆ ಕಂದಾ ಎಂದು ನೀರಿಗೆ ಹಾರುತ್ತಾಳೆ.

ಪ್ರಶ್ನೆ: ನಮ್ಮ ಊರಿನ ಋಷ್ಯಶೃಂಗರ ಕಥೆ ಜಪಾನಿನಲ್ಲೂ ಇದೆ ಎಂದು ಯಾರೋ ಹೇಳಿದರು. ನಿಜವೇ? (ಅಡಿಕೆ ಬೆಳೆಗಾರ, ಶೃಂಗೇರಿ ಸಮೀಪ)

ಉತ್ತರ: ನಿಜ. ನಿಮ್ಮ ಪತ್ರ ನೋಡಿ ತುಂಬಾ ಖುಷಿಯಾಯಿತು, ಯಾಕೆಂದರೆ ನಾನು ಕಿಗ್ಗಕ್ಕೆ ಎಷ್ಟೋ ಸಲ ಬಂದಿದ್ದೇನೆ.

12ನೇ ಶತಮಾನದ ಆರಂಭದ 'ಕೊಂಜಾಕು' ಎಂಬ ಸಂಗ್ರಹದಲ್ಲಿ ಸಾವಿರಕ್ಕೂ ಹೆಚ್ಚು ಕಥೆಗಳಿವೆ. ಮೊದಲ ಐದು ಸಂಪುಟ ತೆಂಜಿಕು, ಅಂದರೆ ಭಾರತದ ಕಥೆಗಳು. ಐದನೆಯದರಲ್ಲಿ 'ಇಕ್ಕಾಕು ಸೆನ್ನಿನ್' ಇದ್ದಾನೆ. ಒಂದು ಕೊಂಬಿನ ಋಷಿ. ಮಳೆಗೆ ನೆನೆದ ಬೆಟ್ಟದ ದಾರಿಯಲ್ಲಿ ಕಾಲು ಜಾರಿ ಬೀಳುತ್ತಾನೆ. ಸಿಟ್ಟು ಬಂದು, ಮಳೆ ಸುರಿಸುವ ನಾಗರಾಜರನ್ನೆಲ್ಲ ಒಂದು ನೀರಿನ ಪಾತ್ರೆಯೊಳಗೆ ಹಾಕಿ ಮುಚ್ಚುತ್ತಾನೆ. ಹನ್ನೆರಡು ವರ್ಷ ಮಳೆ ಇಲ್ಲ. ರಾಜ ಚೆಲುವೆಯರನ್ನು ಕಾಡಿಗೆ ಕಳಿಸುತ್ತಾನೆ. ಋಷಿಯ ತಪಸ್ಸು ಕೆಟ್ಟ ಕ್ಷಣ ನಾಗಗಳು ಪಾತ್ರೆ ಒಡೆದು ಹೊರಗೆ ಬರುತ್ತವೆ, ಮಳೆ ಸುರಿಯುತ್ತದೆ. ಆಮೇಲೆ ಆ ಹೆಣ್ಣನ್ನು ಬೆನ್ನ ಮೇಲೆ ಹೊತ್ತುಕೊಂಡು ಅವನು ಊರಿಗೆ ಬರುತ್ತಾನೆ.

ನಮ್ಮ ರಾಮಾಯಣದಲ್ಲಿ ಋಷ್ಯಶೃಂಗರು ಕಾಲಿಟ್ಟರೆ ಮಳೆ. ಅಲ್ಲಿ ಋಷಿಯೇ ಮಳೆ ಕಟ್ಟಿಹಾಕಿದವನು. ಈ ತಿರುವು ಜಪಾನಿಗೆ ಹೋಗುವ ಮೊದಲೇ ಬಂದಿತ್ತು. 5ನೇ ಶತಮಾನದ ಆರಂಭದಲ್ಲಿ ಕುಮಾರಜೀವ ಚೀನಿ ಭಾಷೆಗೆ ತಂದ ಬೌದ್ಧ ಗ್ರಂಥದಲ್ಲೂ ಋಷಿ ಜಾರಿ ಬೀಳುತ್ತಾನೆ, ಮಳೆಗೆ ಶಾಪ ಕೊಡುತ್ತಾನೆ. ಅಲ್ಲಿ ಹೆಣ್ಣಿನ ಹೆಸರು ಶಾಂತಾ. 'ನೋ' ಎಂಬ ಜಪಾನಿನ ಹಳೆಯ ನಾಟಕದಲ್ಲಿ ಅವಳು ಸೆಂದ ಆಗಿದ್ದಾಳೆ. ಕಿಗ್ಗದಲ್ಲಿ ನೀವು ಶಾಂತಾ ಸಮೇತ ಋಷ್ಯಶೃಂಗೇಶ್ವರ ಎನ್ನುತ್ತೀರಲ್ಲ, ಅದೇ ಶಾಂತಾ. ಮುಂದೆ ಇದೇ ಕಥೆ 'ನರುಕಾಮಿ' ಎಂಬ ಕಬುಕಿ ನಾಟಕವೂ ಆಯಿತು.

'ಕೊಂಜಾಕು' ಕಥೆಗಳೆಲ್ಲ ಮುಗಿಯುವುದು ಹೀಗೆಂದು ಹೇಳಿಕೊಂಡು ಬಂದಿದ್ದಾರಂತೆ ಎಂಬ ಮಾತಿನಿಂದ. ನಮ್ಮ ಅಜ್ಜಿಯಂದಿರ ಕಥೆಯ ಕೊನೆಯ 'ಅಂತೆ' ಇದ್ದ ಹಾಗೆ.

ಪ್ರಶ್ನೆ: ಇಷ್ಟೆಲ್ಲ ಓದಿದ್ದೀರಿ. ನಿಮ್ಮ ಜೊತೆ ಉಳಿದ ಒಂದೇ ಒಂದು ಸಾಲು ಹೇಳಿ ಅಮ್ಮಾ. (ನರ್ಸ್, ಮೈಸೂರು)

ಉತ್ತರ: 'ತೊಸಾ ದಿನಚರಿ'ಯ ಕೊನೆಯದು.

ತ್ಸುರಾಯುಕಿ ತೊಸಾ ಪ್ರಾಂತ್ಯದ ಅಧಿಕಾರ ಮುಗಿಸಿ 55 ದಿನ ಪ್ರಯಾಣ ಮಾಡಿ ರಾಜಧಾನಿಗೆ ವಾಪಸ್ ಬರುತ್ತಾನೆ. ಗಾಳಿ ಸರಿಯಿಲ್ಲ, ಕಡಲ್ಗಳ್ಳರ ಭಯ, ದಿನಗಟ್ಟಲೆ ದೋಣಿ ಕಾಯುವುದು, ಇದೇ ಪುಸ್ತಕದ ತುಂಬಾ. ನಡುನಡುವೆ ಒಂದು ಮಾತು ಬಂದು ಹೋಗುತ್ತದೆ. ರಾಜಧಾನಿಯಿಂದ ಕರೆದುಕೊಂಡು ಹೋಗಿದ್ದ ಹೆಣ್ಣುಮಗು ಆ ಊರಿನಲ್ಲಿ ತೀರಿಕೊಂಡಿದೆ. ಮನೆಗೆ ಬಂದರೆ ನೋಡಿಕೊಳ್ಳಲು ಬಿಟ್ಟವರು ಏನೂ ನೋಡಿಕೊಂಡಿಲ್ಲ. ಬೆಳದಿಂಗಳಲ್ಲಿ ಹಾಳುಬಿದ್ದ ಅಂಗಳ. ಹಳೆಯ ಪೈನ್ ಮರಗಳ ನಡುವೆ ಹೊಸ ಸಸಿ ಎದ್ದಿವೆ. ಆಗ ಒಂದು ಪದ್ಯ ಬರುತ್ತದೆ. ಈ ಮನೆಯಲ್ಲಿ ಹುಟ್ಟಿದವಳು ತಿರುಗಿ ಬರಲಿಲ್ಲ, ಅಂಗಳದಲ್ಲಿ ಪುಟ್ಟ ಪೈನ್ ಸಸಿ ನೋಡುವುದು ಎಂಥ ಸಂಕಟ.

ಆಮೇಲೆ ಮುಗಿಸುತ್ತಾನೆ: "ಏನೇ ಇರಲಿ, ಇದನ್ನು ಬೇಗ ಹರಿದುಹಾಕಬೇಕು."

ಹರಿಯಲಿಲ್ಲ. ಮುನ್ನೂರು ವರ್ಷ ಅವನ ಕೈಬರಹದ ಪ್ರತಿಯೇ ಉಳಿದಿತ್ತು. 1235ರಲ್ಲಿ, ಎಪ್ಪತ್ತು ದಾಟಿದ ತೇಕಾ, ಆ ಹುಡುಗಿಯ ದಿನಚರಿ ಉಳಿಸಿದ ಅದೇ ತೇಕಾ, ಕ್ಯೋತೊದ ಒಂದು ದೇವಾಲಯದ ಭಂಡಾರದಲ್ಲಿದ್ದ ಅದನ್ನು ನೋಡಿ ನಕಲು ಮಾಡಿಕೊಂಡ. ಪೂರ್ತಿ ತನ್ನ ಅಕ್ಷರದಲ್ಲೇ ಬರೆದ. ಕೊನೆಯ ಎರಡು ಪುಟ ಬಂದಾಗ ಮಾತ್ರ ತನ್ನ ಕೈಬರಹ ಬಿಟ್ಟು, ತ್ಸುರಾಯುಕಿ ಹೇಗೆ ಬರೆದಿದ್ದನೋ ಹಾಗೇ, ಗೆರೆಗೆ ಗೆರೆ ನೋಡಿ ಚಿತ್ರ ಬಿಡಿಸಿದಂತೆ ಬಿಡಿಸಿದ. ಮೂಲ ಪ್ರತಿ ಈಗಿಲ್ಲ. ತೇಕಾ ಬಿಡಿಸಿಟ್ಟ ಆ ಪುಟಗಳು ಇವೆ.